20 ರೂಪಾಯಿಯ ಚೀಟಿ, 55 ರೂಪಾಯಿಯ ಅಂಚೆ

ಸಂಗ್ರಾಹಕರ ಪ್ರಶ್ನೋತ್ತರ

ಹಳೆಯ ಅಂಚೆಚೀಟಿ, ನಾಣ್ಯ, ಪ್ರಥಮ ದಿನದ ಲಕೋಟೆಗಳನ್ನು (ಹೊಸ ಚೀಟಿ ಹೊರಬಂದ ದಿನವೇ ಅದನ್ನು ಅಂಟಿಸಿ ಮೊಹರು ಒತ್ತಿದವು) ಆನ್‌ಲೈನಿನಲ್ಲಿ ಮಾರುವ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಎರಡೇ ಗೋಳಿನವು: ಅಂಚೆ ಖರ್ಚು ಮತ್ತು ಕೊಂಡವರು ಕೊಡುವ ನಕ್ಷತ್ರ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಬಳಸಿದ ಅಂಚೆಚೀಟಿಗಳನ್ನು ಒಂದೊಂದು 20, 30 ರೂಪಾಯಿಗೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮಾರುತ್ತೇನೆ. ಮೊದಲೆಲ್ಲ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸುತ್ತಿದ್ದೆ. ಅದು ನಿಂತ ಮೇಲೆ ಅಂಚೆ ಖರ್ಚು ಎಷ್ಟೆಂದು ಹೇಳಿದ ಕೂಡಲೇ ಕೊಳ್ಳುವವರು ಮಾಯ. ಚೀಟಿಗಿಂತ ಅಂಚೆಯೇ ದುಬಾರಿಯಾದರೆ ವ್ಯಾಪಾರ ಹೇಗೆ?
— ಓದುಗರು, ಸಾಗರ

ರಿಜಿಸ್ಟರ್ಡ್ ಸೇವೆ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಯಿತು. ಅದೇ ವರ್ಷದ ಅಕ್ಟೋಬರ್ 1ಕ್ಕೆ ಸ್ಪೀಡ್ ಪೋಸ್ಟಿನ ದರವೂ ಬದಲಾಯಿತು, 2012ರ ನಂತರ ಮೊದಲ ಸಲ. 26 ರೂಪಾಯಿ ಆಸುಪಾಸಿನಿಂದ ಶುರುವಾಗುತ್ತಿದ್ದ ರಿಜಿಸ್ಟರ್ಡ್ ಜಾಗದಲ್ಲಿ ಈಗ 50 ಗ್ರಾಂವರೆಗೆ ಊರೊಳಗೆ 19 ರೂಪಾಯಿ, ಊರು ದಾಟಿದರೆ 47. ಮೇಲೆ ಶೇ 18 ಜಿಎಸ್‌ಟಿ ಸೇರಿದರೆ 47 ಎಂಬುದು 55 ರೂಪಾಯಿ 46 ಪೈಸೆ ಆಗುತ್ತದೆ. ಸಾಗರದಿಂದ ಶಿವಮೊಗ್ಗಕ್ಕೂ ಅಷ್ಟೇ, ಗುವಾಹಟಿಗೂ ಅಷ್ಟೇ. 50 ಗ್ರಾಂ ದಾಟಿದ ಮೇಲೆ ದೂರವೂ ಲೆಕ್ಕಕ್ಕೆ ಬರುತ್ತದೆ. 51ರಿಂದ 250 ಗ್ರಾಂಗೆ 200 ಕಿ.ಮೀ. ಒಳಗಾದರೆ 59, 500ರವರೆಗೆ 63, 1000ದವರೆಗೆ 68, 2000ದವರೆಗೆ 72, ಅದರಾಚೆ 77 ರೂಪಾಯಿ; ಎಲ್ಲಕ್ಕೂ ಜಿಎಸ್‌ಟಿ ಬೇರೆ. ವಿಳಾಸದಾರರ ಕೈಗೇ ಕೊಡಬೇಕು ಎಂದರೆ ‘ರಿಜಿಸ್ಟ್ರೇಷನ್’ ಎಂದು ಇನ್ನೊಂದು 5 ರೂಪಾಯಿ, ಒಟಿಪಿ ಕೇಳಿ ಕೊಡಲಿ ಎಂದರೆ ಮತ್ತೊಂದು 5. ಇದೆಲ್ಲ ಚಪ್ಪಟೆ ಲಕೋಟೆಯ ಮಾತು. ಡಬ್ಬಿ ಕಟ್ಟಿದರೆ ಪಾರ್ಸೆಲ್ ದರ, ಅದರ ಪಟ್ಟಿ ಬೇರೆ.

ಈಗ ನಿಮ್ಮ ಲಕೋಟೆಯನ್ನು ತೂಗಿ ನೋಡಿ. 80 ಜಿಎಸ್‌ಎಮ್‌ನ (ಚದರ ಮೀಟರಿಗೆ 80 ಗ್ರಾಂ ತೂಗುವ) ಎ4 ಹಾಳೆ ಒಂದಕ್ಕೆ 5 ಗ್ರಾಂ. 300 ಜಿಎಸ್‌ಎಮ್ ರಟ್ಟನ್ನು 15 ಸೆಂ.ಮೀ.ಗೆ 10 ಸೆಂ.ಮೀ. ಕತ್ತರಿಸಿದರೆ ತುಂಡಿಗೆ ನಾಲ್ಕೂವರೆ ಗ್ರಾಂ, ಎರಡಕ್ಕೆ 9. ಹೊರಗಿನ ಕಂದು ಲಕೋಟೆ 7ರಿಂದ 8. ಚೀಟಿಯನ್ನು ಇಡುವ ಗ್ಲಾಸೀನ್ (ನುಣುಪಾದ ತೆಳು ಕಾಗದದ) ಕವರು ಒಂದು ಗ್ರಾಂ ಕೂಡ ಇಲ್ಲ. ಒಟ್ಟು 20 ಗ್ರಾಂ ಹತ್ತಿರ. ಅಂದರೆ 50 ಗ್ರಾಂ ದುಡ್ಡು ಕೊಟ್ಟು ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಕಳಿಸುತ್ತಿದ್ದೀರಿ. ಒಂದು ಚೀಟಿ ಹಾಕಿದರೂ 80 ಹಾಕಿದರೂ ಅದೇ 55 ರೂಪಾಯಿ. ಆಟೊ ಬಾಡಿಗೆ ಒಬ್ಬರು ಕೂತರೂ ಮೂವರು ಕೂತರೂ ಒಂದೇ ಅಲ್ಲವೆ? ಹಾಗೆಯೇ ಇದೂ.

ಹಾಗಾಗಿ 20 ರೂಪಾಯಿಯ ಬಿಡಿ ಚೀಟಿಯನ್ನು ಬಿಡಿಯಾಗಿ ಕಳಿಸುವ ಕಾಲ ಮುಗಿಯಿತು ಎಂದೇ ನಮ್ಮ ಅಭಿಪ್ರಾಯ. ‘ಕನಿಷ್ಠ ಖರೀದಿ 300 ರೂಪಾಯಿ’ ಎಂದು ಗುಂಪಿನಲ್ಲಿ ಮೊದಲೇ ಹಾಕಿ. ಅಥವಾ ವಿಷಯವಾರು ಕಟ್ಟು ಮಾಡಿ: ಹಕ್ಕಿಗಳು 15, ರೈಲು 12, ಹೀಗೆ. ಮೂರನೆಯ ದಾರಿ ‘ಹೋಲ್ಡ್’. ಕೊಂಡವರು ಆಗಾಗ ಆರಿಸಿದ್ದನ್ನು ತೆಗೆದಿಟ್ಟು, ತಿಂಗಳಿಗೊಮ್ಮೆ ಒಟ್ಟಿಗೆ ಕಳಿಸುವುದು. ಇದರಲ್ಲಿ ಎಡವಟ್ಟಾಗುವುದು ಒಂದೇ ಕಡೆ. ದುಡ್ಡು ಕೊಡದೆ ತೆಗೆದಿಡಿಸಿಕೊಂಡವರು ತಿಂಗಳ ಕೊನೆಗೆ ಮರೆತಿರುತ್ತಾರೆ, ಅಷ್ಟರಲ್ಲಿ ನೀವು ಇಬ್ಬರು ಗಿರಾಕಿಗಳನ್ನು ವಾಪಸ್ ಕಳಿಸಿರುತ್ತೀರಿ. ಚೀಟಿಯ ದುಡ್ಡು ಅಂದೇ, ಅಂಚೆಯ ದುಡ್ಡು ಕಳಿಸುವ ದಿನ, 30 ದಿನ ಮೀರಿದರೆ ಇದ್ದಷ್ಟನ್ನು ಕಳಿಸುವುದು ಎಂದು ಬರೆದು ಹಾಕಿ. ಪ್ರತಿಯೊಬ್ಬರ ಕವರಿನ ಮೇಲೆ ಪೆನ್ಸಿಲಿನಲ್ಲಿ ಹೆಸರು, ತಾರೀಕು, ಮೊತ್ತ ಇರಲಿ. ಕವರಿನೊಳಗೆ ಚೀಟಿ ಹಾಕುವ ಮೊದಲೇ ಬರೆಯಿರಿ. ಆಮೇಲೆ ಬರೆದರೆ ಒತ್ತು ಚೀಟಿಯ ಮೇಲೆ ಮೂಡುತ್ತದೆ.

ಸಾದಾ ಅಂಚೆ 20 ಗ್ರಾಂಗೆ ಇನ್ನೂ 5 ರೂಪಾಯಿಯೇ. ಒಂದು ರಟ್ಟು ಬಿಟ್ಟರೆ 20 ಗ್ರಾಂ ಒಳಗೆ ಬರುತ್ತದೆ. ಆದರೆ ಜಾಡು ಹಿಡಿಯುವ ಸಂಖ್ಯೆ ಇಲ್ಲ, ತಲುಪಿತೆಂಬ ಪುರಾವೆ ಇಲ್ಲ. 100 ರೂಪಾಯಿ ಒಳಗಿನ ಸರಕಿಗೆ, ಅದೂ ಕೊಳ್ಳುವವರೇ ‘ಸಾದಾ ಅಂಚೆ ಸಾಕು, ಕಳೆದರೆ ನನ್ನ ಹೊಣೆ’ ಎಂದು ಬರೆದು ಕಳಿಸಿದರೆ ಮಾತ್ರ ಬಳಸಿ. ಬಾಯಿಮಾತಿನ ಒಪ್ಪಿಗೆ ಹತ್ತನೆಯ ದಿನ ಉಳಿಯುವುದಿಲ್ಲ.

ಕಟ್ಟುವ ಖರ್ಚನ್ನು ಅಂಚೆಯೊಳಗೆ ಮುಚ್ಚಿಡಬೇಡಿ. ‘ಅಂಚೆ 80’ ಎಂದು ವಸೂಲು ಮಾಡಿ, ಆಮೇಲೆ 55.46 ಎಂದು ಅಚ್ಚಾಗಿರುವ ರಸೀದಿಯ ಫೋಟೊವನ್ನು ನೀವೇ ಕಳಿಸುತ್ತೀರಿ. ಅಸಮಾಧಾನ ಹುಟ್ಟುವುದು ಅಲ್ಲೇ. ‘ಅಂಚೆ 56, ರಟ್ಟು-ಕವರು 14’ ಎಂದರೆ ಯಾರೂ ತಕರಾರು ಮಾಡುವುದಿಲ್ಲ.

ಪ್ರಥಮ ದಿನದ ಲಕೋಟೆಯೊಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಹಿಂದೆ ರಟ್ಟು ಇಟ್ಟು, ‘ಮಡಚಬೇಡಿ’ ಎಂದು ದೊಡ್ಡದಾಗಿ ಬರೆದು ಕಳಿಸಿದೆ. ಆದರೂ ನಡುವೆ ಬಾಗಿ, ಒಂದು ಮೂಲೆ ಜಜ್ಜಿ ತಲುಪಿದೆ. ಕೊಂಡವರು ಒಂದೇ ನಕ್ಷತ್ರ ಕೊಟ್ಟರು. ಇದು ನನ್ನ ತಪ್ಪೆ?
— ಓದುಗರು, ಹುಬ್ಬಳ್ಳಿ

ಸ್ವಲ್ಪ ಮಟ್ಟಿಗೆ ಹೌದು. ಒಂದೇ ರಟ್ಟು ಒಂದು ಕಡೆಗೆ ಬಾಗಿಯೇ ಬಾಗುತ್ತದೆ. ‘ಮಡಚಬೇಡಿ’ ಎಂಬ ಬರಹ ಮೂಟೆಯೊಳಗೆ ಇರುವ ಇತರ ಕಟ್ಟುಗಳಿಗೆ ಓದಲು ಬರುವುದಿಲ್ಲವಲ್ಲ!

ಅಂಗಡಿಯಿಂದ ತಂದ ಡಬ್ಬಿಯ ಏಣುಗೆರೆ (ಕೊರುಗೇಟೆಡ್) ರಟ್ಟನ್ನೇ ತೆಗೆದುಕೊಳ್ಳಿ. ಅದರೊಳಗಿನ ಅಲೆಗಳು ಯಾವ ದಿಕ್ಕಿಗೆ ಓಡುತ್ತವೆ ಎಂದು ಅಂಚಿನಲ್ಲಿ ನೋಡಿ. ಒಂದು ತುಂಡನ್ನು ಅಲೆ ಉದ್ದಕ್ಕೆ ಬರುವಂತೆ, ಇನ್ನೊಂದನ್ನು ಅಡ್ಡಕ್ಕೆ ಬರುವಂತೆ ಕತ್ತರಿಸಿ. ಎರಡರ ನಡುವೆ ಲಕೋಟೆ ಇಟ್ಟರೆ ಯಾವ ಕಡೆಯಿಂದಲೂ ಸುಲಭವಾಗಿ ಬಾಗುವುದಿಲ್ಲ. ಎರಡೂ ಒಂದೇ ದಿಕ್ಕಿಗೆ ಇದ್ದರೆ ಅಲೆಯ ಗುಂಟ ಮಡಚಿಕೊಳ್ಳುತ್ತವೆ. ರಟ್ಟು ಲಕೋಟೆಗಿಂತ ನಾಲ್ಕೂ ಕಡೆ ಒಂದೊಂದು ಸೆಂ.ಮೀ. ದೊಡ್ಡದಿರಬೇಕು. ಮೂಲೆ ಜಜ್ಜುವುದು ರಟ್ಟೂ ಲಕೋಟೆಯೂ ಒಂದೇ ಅಳತೆಗೆ ಇದ್ದಾಗ. ಲಕೋಟೆಯನ್ನು ಮೊದಲು ಪಾಲಿಪ್ರೊಪಿಲೀನ್ ಸ್ಲೀವಿಗೆ ಹಾಕಿ, ಆ ಸ್ಲೀವನ್ನು ಒಳಗಿನ ರಟ್ಟಿಗೆ ಕಾಗದದ ಟೇಪಿನಿಂದ ಎರಡು ಕಡೆ ಹಿಡಿಸಿ, ಅಲುಗಾಡದಂತೆ. ಟೇಪು ಸ್ಲೀವಿನ ಬಾಯಿಗೆ ತಾಗಬಾರದು. ಕೊಂಡವರು ಲಕೋಟೆಯನ್ನು ಹೊರಗೆಳೆಯುವಾಗ ಅದರ ಅಂಟಿಗೆ ಸಿಕ್ಕಿ ಮೇಲ್ಪದರ ಕಿತ್ತುಹೋದ ತಕರಾರುಗಳಿಗೆ ಲೆಕ್ಕವಿಲ್ಲ. ಹೊರಗೆ ರಟ್ಟುಗಳನ್ನು ಸುತ್ತುವ ಟೇಪಿನ ತುದಿಯನ್ನು ಅರ್ಧ ಸೆಂ.ಮೀ. ಒಳಕ್ಕೆ ಮಡಚಿ ಬಿಡಿ, ಹಿಡಿದು ಎಳೆಯಲು ಬರುತ್ತದೆ. ಇಲ್ಲದಿದ್ದರೆ ಅವರು ಬ್ಲೇಡು ಹಾಕುತ್ತಾರೆ, ಬ್ಲೇಡು ಒಳಗಿನದಕ್ಕೂ ಇಳಿಯುತ್ತದೆ.

20 ಸೆಂ.ಮೀ.ಗೆ 12ರ ಏಣುಗೆರೆ ರಟ್ಟು ತುಂಡಿಗೆ 10 ಗ್ರಾಂ ಹತ್ತಿರ. ಎರಡು ರಟ್ಟು, ಹೊರ ಲಕೋಟೆ, ಸ್ಲೀವು ಸೇರಿ 30 ಗ್ರಾಂ. ಪ್ರಥಮ ದಿನದ ಲಕೋಟೆ ಒಳರಟ್ಟಿನ ಸಮೇತ 7 ಗ್ರಾಂ ಆಸುಪಾಸು. ಹಾಗಾಗಿ 50 ಗ್ರಾಂ ಒಳಗೆ ನಿಶ್ಚಿಂತೆಯಾಗಿ ಎರಡು ಹೋಗುತ್ತವೆ, ಮೂರನೆಯದು ಗಡಿ ದಾಟಿಸುತ್ತದೆ. ಮೂರು ಕೇಳಿದವರಿಗೆ ‘ಒಟ್ಟು 30 ಲಕೋಟೆವರೆಗೂ ಅಂಚೆ ಖರ್ಚು ಅಷ್ಟೇ’ ಎಂದು ಹೇಳಿ ನೋಡಿ. ಅದು ಸುಳ್ಳೂ ಅಲ್ಲ.

ನಕ್ಷತ್ರದ ವಿಷಯ. ಬಾಗಿದ್ದನ್ನು ಕೊಂಡವರು ತಿಳಿಸಿದ ದಿನವೇ ಹೀಗೊಂದು ಸಂದೇಶ ಕಳಿಸಿ: ‘ನಮಸ್ಕಾರ ಸರ್. ಲಕೋಟೆ ಬಾಗಿ ತಲುಪಿದ್ದಕ್ಕೆ ಬೇಸರವಾಯಿತು. ಮುಂದೆ, ಹಿಂದೆ, ಹೊರಗಿನ ಕವರು, ಮೂರರ ಫೋಟೊ ಕಳಿಸಿ. ವಾಪಸ್ ಕಳಿಸುವುದಾದರೆ ಪೂರ್ತಿ ಹಣ, ಅಂಚೆ ಖರ್ಚೂ ನನ್ನದೇ. ಇಟ್ಟುಕೊಳ್ಳುವುದಾದರೆ ಬೆಲೆಯ ಮೂರನೇ ಒಂದು ಭಾಗ ವಾಪಸ್ ಹಾಕುತ್ತೇನೆ.’ ಇದರಲ್ಲಿ ನಕ್ಷತ್ರದ ಸುದ್ದಿಯೇ ಬರಬಾರದು. ‘ರೇಟಿಂಗ್ ಬದಲಿಸಿದರೆ ಹಣ ಕೊಡುತ್ತೇನೆ’ ಎಂದರೆ ಅದು ಚೌಕಾಸಿ. ಹಲವು ತಾಣಗಳಲ್ಲಿ ಖಾತೆಗೇ ಕುತ್ತು.

ಮಿಂಟ್ (ಬಳಸದ, ಹಿಂದೆ ಗೋಂದು ಹಾಗೇ ಇರುವ) ಚೀಟಿಗಳು ನನ್ನ ಬಳಿ ಬಿಳಿಯಾಗಿಯೇ ಇದ್ದವು. ಜುಲೈನಲ್ಲಿ ಕಳಿಸಿದೆ, ತಲುಪಿದ ಮೇಲೆ ‘ಗೋಂದು ಹಳದಿ, ಕಲೆ ಕಲೆ’ ಎನ್ನುತ್ತಾರೆ.
— ಓದುಗರು, ಮಂಗಳೂರು

ಕರಾವಳಿಯ ಮಳೆಗಾಲದಲ್ಲಿ ಮಾಡುವ ಸಾಮಾನ್ಯ ತಪ್ಪು ಇದು. ಮಳೆಗೆ ಹೆದರಿ ಚೀಟಿಯನ್ನು ನೇರ ಜಿಪ್ ಕವರಿಗೆ ಹಾಕಿ ಮುಚ್ಚುತ್ತೇವೆ. ಕೋಣೆಯ ಗಾಳಿಯಲ್ಲಿದ್ದ ತೇವ ಚೀಟಿಯ ಜೊತೆಯೇ ಒಳಗೆ ಬಂದಿ. ಗೋಂದು ಅದನ್ನು ಹೀರಿ ಪ್ಲಾಸ್ಟಿಕ್ಕಿಗೆ ಕಚ್ಚುತ್ತದೆ, ಅಲ್ಲಲ್ಲಿ ಹೊಳಪು ಕಳೆದುಕೊಳ್ಳುತ್ತದೆ. ಚೀಟಿ ಮೊದಲು ಗ್ಲಾಸೀನಿನಲ್ಲಿ, ಅದು ಎರಡು ರಟ್ಟಿನ ನಡುವೆ, ಆ ರಟ್ಟಿನ ಹೊರಗೆ ಜಿಪ್ ಕವರು ಇರಲಿ. ರಟ್ಟನ್ನು ಬಳಸುವ ಮೊದಲು ಒಂದು ರಾತ್ರಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಳದ ಡಬ್ಬಿಯಲ್ಲಿಡಿ. ತೇವ ಕುಡಿದ ರಟ್ಟೇ ಅರ್ಧ ಕಾರಣ.

ಆದರೆ ಕಂದು ಚುಕ್ಕೆ ನಾಲ್ಕು ದಿನದಲ್ಲಿ ಹುಟ್ಟುವಂಥದ್ದಲ್ಲ. ಅದು ನಿಮ್ಮಲ್ಲೇ ಶುರುವಾಗಿತ್ತು, ನೀವು ಹಿಂಬದಿ ನೋಡಿರಲಿಲ್ಲ ಅಷ್ಟೇ. ಮಿಂಟ್ ಎಂದು ಮಾರುವ ಪ್ರತಿ ಚೀಟಿಯ ಹಿಂಬದಿಯನ್ನೂ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಹಾಕಿ. ವಿವರಣೆಯಲ್ಲಿ ‘ಸೂಪರ್ ಕಂಡೀಷನ್’ ಎಂಬ ಮಾತನ್ನು ಬಿಟ್ಟುಬಿಡಿ. ‘1948ರ ಗಾಂಧಿ, ಒಂದೂವರೆ ಆಣೆ, ಬಳಸಿದ್ದು, ಮೇಲಿನ ಎಡಮೂಲೆಯ ಒಂದು ಹಲ್ಲು ಗಿಡ್ಡ, ಹಿಂದೆ ಹಿಂಜ್ (ಆಲ್ಬಮಿಗೆ ಅಂಟಿಸುವ ಕಾಗದದ ತುಂಡು) ಗುರುತು, ಮಡಿಕೆ ಇಲ್ಲ’ ಎಂದು ಬರೆದರೆ ಬೆಲೆ ಸ್ವಲ್ಪ ತಗ್ಗಬಹುದು, ಜಗಳ ಬರುವುದಿಲ್ಲ.

ವಿದೇಶಿ ಜಾಲತಾಣದಲ್ಲಿ ಮಾರುತ್ತೇನೆ. ವಿನಾಕಾರಣ ಕೆಟ್ಟ ಅಭಿಪ್ರಾಯ ಬರೆದ ಒಬ್ಬರ ಮೇಲೆ ನಾನೂ ಹಾಗೆಯೇ ಬರೆಯಲು ಹೋದರೆ ಅವಕಾಶವೇ ಇಲ್ಲ. ಇದೆಂಥ ನ್ಯಾಯ?
— ಓದುಗರು, ಬೆಂಗಳೂರು

ಅಮೆರಿಕದ ಮಾರಾಟ ತಾಣ ಇಬೇಯಲ್ಲಿ 2008ರಿಂದ ಹಾಗೇ ಇದೆ. ಮಾರುವವರು ಕೊಂಡವರ ಬಗ್ಗೆ ಒಳ್ಳೆಯದನ್ನಷ್ಟೇ ಬರೆಯಬಹುದು. ಮೊದಲು ಎರಡೂ ಕಡೆಯವರು ಸೇಡಿಗೆ ಸೇಡು ಬರೆಯುತ್ತಿದ್ದರು. ಮಾರುವವರ ಸೇಡಿಗೆ ಹೆದರಿ ಕೊಂಡವರು ನಿಜ ಹೇಳುವುದನ್ನೇ ಬಿಟ್ಟಿದ್ದರು ಎಂಬುದು ಅದಕ್ಕೆ ಕಾರಣ. ನ್ಯಾಯವೋ ಅಲ್ಲವೋ, ನಿಯಮ ಅದು. ನಿಮಗಿರುವುದು ಎರಡು ದಾರಿ. ಒಂದು, ಆ ಅಭಿಪ್ರಾಯದ ಕೆಳಗೇ ಉತ್ತರ. ಇನ್ನೊಂದು, ತೊಂದರೆ ಬಗೆಹರಿದ ಮೇಲೆ ಬದಲಿಸುವಂತೆ ವಿನಂತಿ. ಬಂದ ಪ್ರತಿ 1000 ಅಭಿಪ್ರಾಯಕ್ಕೆ ವರ್ಷಕ್ಕೆ 5 ವಿನಂತಿ ಮಾತ್ರ ಸಿಗುವುದರಿಂದ ಸಣ್ಣಪುಟ್ಟದ್ದಕ್ಕೆ ಖರ್ಚು ಮಾಡಬೇಡಿ. ಕೆಳಗಿನ ಉತ್ತರವನ್ನು ಓದುವವರು ಮುಂದಿನ ಗಿರಾಕಿಗಳೇ ಹೊರತು ಬರೆದವರಲ್ಲ. ‘ದೂರು ಬಂದ ದಿನವೇ ಪೂರ್ತಿ ಹಣ ವಾಪಸ್ ಮಾಡಲಾಗಿದೆ’ ಎಂಬ ಒಂದು ಸಾಲು ಸಾಕು. ನಾಲ್ಕು ಸಾಲು ಬರೆದರೆ ಜಗಳಗಂಟರು ನೀವೇ ಎಂದು ಕಾಣುತ್ತದೆ.

ಅಲ್ಲಿ ವಿವರಣೆ, ಮಾತುಕತೆ, ಕಳಿಸಿದ ವೇಗ, ಸಾಗಣೆ ವೆಚ್ಚ ಎಂಬ ನಾಲ್ಕಕ್ಕೆ ಬೇರೆ ಬೇರೆ ನಕ್ಷತ್ರ ಇವೆ. ಅಂಚೆ ವೆಚ್ಚದ್ದೇ ಎಲ್ಲರಿಗೂ ತಲೆನೋವು. ಸಾಗಣೆ ಉಚಿತ ಎಂದು ಹಾಕಿ ಬೆಲೆಯಲ್ಲೇ ಸೇರಿಸಿದರೆ ಆ ಅಂಕಣಕ್ಕೆ ತಾನಾಗಿಯೇ 5 ಬೀಳುತ್ತದೆ. ಕಮಿಷನ್ ಉಳಿಯುತ್ತದೆಂದು ಅಂಚೆಯನ್ನು ಬೇರೆ ತೋರಿಸುವವರು ಒಂದು ಗಮನಿಸಬೇಕು: ಕಮಿಷನ್ ಕತ್ತರಿಸುವುದು ಅಂಚೆಯೂ ಸೇರಿದ ಒಟ್ಟು ಮೊತ್ತದ ಮೇಲೆ. 10 ಡಾಲರ್ ಚೀಟಿ, 8 ಡಾಲರ್ ಅಂಚೆ ಇದ್ದರೆ ಲೆಕ್ಕ 18ಕ್ಕೆ.

ನ್ಯೂಜೆರ್ಸಿಯಲ್ಲಿರುವ ಕನ್ನಡಿಗರೊಬ್ಬರು ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿ ಅಚ್ಚಿರುವ ಮೈಸೂರಿನ ತಾಮ್ರದ ನಾಣ್ಯ, ಜೊತೆಗೆ ಒಂದೆರಡು ಬೆಳ್ಳಿ ರೂಪಾಯಿ ಕೇಳಿದ್ದಾರೆ. ಲಕೋಟೆಯಲ್ಲಿ ಕಳಿಸಬಹುದೆ?
— ಓದುಗರು, ಮೈಸೂರು

ಬೇಡ. ಮಯಿಲಿ ಕಾಸು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಕಳಿಸಿದರೆ 6 ತಿಂಗಳಿಂದ 3 ವರ್ಷ ಸೆರೆ, ದಂಡ. ಬೆಲೆ 200 ರೂಪಾಯಿಯೋ 2 ಲಕ್ಷವೋ ಕಾಯ್ದೆ ನೋಡುವುದಿಲ್ಲ, ವಯಸ್ಸಷ್ಟೇ ನೋಡುತ್ತದೆ. ದೇಶದೊಳಗೂ ಪ್ರಾಚ್ಯವಸ್ತು ಮಾರಾಟವನ್ನು ವ್ಯಾಪಾರವಾಗಿ ಮಾಡುವವರಿಗೆ ಪರವಾನಗಿ ಬೇಕು.

ಬೆಳ್ಳಿ ರೂಪಾಯಿಯಲ್ಲಿ ಇಸವಿ ನೋಡಿ. ಐದನೇ ಜಾರ್ಜ್ ಮುಖದ ರೂಪಾಯಿಗಳ ಮೇಲಿರುವ ಇಸವಿ 1911ರಿಂದ 1922ರ ಒಳಗಿನದು, ಆದ್ದರಿಂದ ಎಲ್ಲವೂ ನೂರು ದಾಟಿವೆ. ಆರನೇ ಜಾರ್ಜ್ ಮುಖದವು 1938 ಮತ್ತು ಅದರ ನಂತರದವು, ಇನ್ನೂ ದಾಟಿಲ್ಲ. ಅನುಮಾನವಿದ್ದರೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಪ್ರಾಚ್ಯವಸ್ತು ಅಲ್ಲ ಎಂಬ ಪ್ರಮಾಣಪತ್ರ ಪಡೆಯಬೇಕು.

ಕಳಿಸಬಹುದಾದ ಚೀಟಿ, ಲಕೋಟೆಗಳಿಗೆ ಸಿಎನ್‌22 ಕಸ್ಟಮ್ಸ್ ಚೀಟಿ ಅಂಟಿಸಿ. ‘ಸಂಗ್ರಹಕ್ಕಾಗಿ ಬಳಸಿದ ಅಂಚೆಚೀಟಿ’, ಎಣಿಕೆ, ತೂಕ, ನಿಜವಾದ ಬೆಲೆ, ಸಂಕೇತ 9704 ಎಂದು ಇಂಗ್ಲಿಷಿನಲ್ಲಿ ತುಂಬಿ. ನಾಣ್ಯಸಂಗ್ರಹಕ್ಕೆ ಸಂಕೇತ 9705. ‘ಗಿಫ್ಟ್ ಅಂತ ಹಾಕಿ’ ಎಂದು ಕೊಳ್ಳುವವರು ಕೇಳುವುದುಂಟು. ಒಪ್ಪಬೇಡಿ, ಸುಳ್ಳು ಘೋಷಣೆಗೆ ಸಹಿ ಹಾಕುವವರು ನೀವು. 800 ಡಾಲರ್‌ವರೆಗಿನ ಸರಕಿಗಿದ್ದ ಸುಂಕ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟ್ 29ರಿಂದ ತೆಗೆದ ಮೇಲೆ ಕೆಲವು ವಾರ ಅಲ್ಲಿಗೆ ಬುಕಿಂಗೇ ನಿಂತಿತ್ತು. ಅಕ್ಟೋಬರ್ ಮಧ್ಯದಿಂದ ಮತ್ತೆ ಶುರುವಾಗಿದೆ. ಸುಂಕವನ್ನು ಕಳಿಸುವವರಿಂದಲೇ ಬುಕಿಂಗ್ ಹೊತ್ತಿನಲ್ಲಿ ತೆಗೆದುಕೊಳ್ಳುವ ಏರ್ಪಾಡು. ಕೊಳ್ಳುವವರಿಗೆ ಬೆಲೆ ಹೇಳುವ ಮೊದಲು ಅಂದಿನ ಸುಂಕ ಎಷ್ಟೆಂದು ಕೌಂಟರಿನಲ್ಲಿ ಕೇಳಿಕೊಳ್ಳಿ.

1500 ರೂಪಾಯಿಯ ಲಕೋಟೆ ದಾರಿಯಲ್ಲಿ ಕಳೆದುಹೋಯಿತು. ಪರಿಹಾರ ಎಷ್ಟು ಸಿಗುತ್ತದೆ?
— ಓದುಗರು, ದಾವಣಗೆರೆ

ವಿಮೆ ಮಾಡಿಸದ ಸ್ಪೀಡ್ ಪೋಸ್ಟಿಗೆ ನೀವು ಕೊಟ್ಟ ಅಂಚೆ ಶುಲ್ಕದ ಎರಡರಷ್ಟು ಅಥವಾ 1000 ರೂಪಾಯಿ, ಯಾವುದು ಕಡಿಮೆಯೋ ಅದು. 47ರ ಲಕೋಟೆಯಾದರೆ ನೂರರ ಆಸುಪಾಸು. 500 ರೂಪಾಯಿ ಮೇಲಿನದಕ್ಕೆ ವಿಮೆ ಮಾಡಿಸುವುದೇ ಲೇಸು. ನೋಟು, ಚಿನ್ನದ ನಾಣ್ಯಕ್ಕಂತೂ ಅಂಚೆಯ ಹಳೆಯ ನಿಯಮದಲ್ಲೇ ವಿಮೆ ಕಡ್ಡಾಯ. ‘ಖಾಲಿ ಲಕೋಟೆ ಬಂತು’ ಎನ್ನುವವರಿಗೂ ಉತ್ತರ ರಸೀದಿಯಲ್ಲೇ ಇದೆ, ಅದರ ಮೇಲೆ ತೂಕ ಅಚ್ಚಾಗಿರುತ್ತದೆ. ಕಟ್ಟುವುದನ್ನು ಒಂದೇ ಓಟದಲ್ಲಿ ವಿಡಿಯೊ ಮಾಡಿ, ಕೊನೆಗೆ ಮುಚ್ಚಿದ ಲಕೋಟೆಯನ್ನು ತಕ್ಕಡಿಯ ಮೇಲಿಟ್ಟು ಅಂಕಿ ಕಾಣಿಸಿ. ಎರಡು ತೂಕ ತಾಳೆಯಾದರೆ ವಾದ ಅಲ್ಲಿಗೆ ಮುಗಿಯಿತು.

ಕೊಳ್ಳುವವರು ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ಹಣ ಬರುತ್ತದೆ ಎನ್ನುತ್ತಾರೆ.
— ಓದುಗರು, ಹಾಸನ

ಬರುವುದಿಲ್ಲ, ಹೋಗುತ್ತದೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ. ಆಗಲೇ ಹಾಕಿದ್ದರೆ ಈಗಲೇ 1930ಕ್ಕೆ ಕರೆ ಮಾಡಿ.

786 ಸಂಖ್ಯೆಯ 5 ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎಂದು ಕರೆ ಬಂದಿದೆ.
— ಓದುಗರು, ಕಲಬುರಗಿ

ಕೊಳ್ಳುವವರು ದುಡ್ಡು ಕೊಡಬೇಕೇ ಹೊರತು ಕೇಳಬಾರದು. ತನ್ನ ಹೆಸರು, ಲಾಂಛನ ಬಳಸಿ ಹಳೆಯ ನೋಟು-ನಾಣ್ಯದ ವ್ಯಾಪಾರಕ್ಕೆ ಶುಲ್ಕ, ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಎಚ್ಚರಿಸಿದೆ.

ಮನೆಯಲ್ಲಿ 48 ಗ್ರಾಂ ತೋರಿಸಿದ್ದು ಅಂಚೆ ಕೌಂಟರಿನಲ್ಲಿ 51 ಆಗುತ್ತದೆ. ಹೆಚ್ಚಿನ ಹಣ ಪ್ರತಿ ಸಲ ನನ್ನ ಕೈಯಿಂದಲೇ.
— ಓದುಗರು, ಉಡುಪಿ

ಅಡುಗೆಮನೆಯ ತಕ್ಕಡಿ ಒಂದೊಂದೇ ಗ್ರಾಂ ಎಣಿಸುತ್ತದೆ, ಕಡಿಮೆ ತೂಕದಲ್ಲಿ ಎರಡು ಮೂರು ಗ್ರಾಂ ತಪ್ಪುವುದು ಮಾಮೂಲು. ದಶಾಂಶ ಒಂದು ಗ್ರಾಂ ತೋರಿಸುವ ಪುಟ್ಟ ತಕ್ಕಡಿ ತನ್ನಿ. ಲಕೋಟೆ ತಟ್ಟೆಗಿಂತ ಅಗಲವಾಗಿ ಪಕ್ಕಕ್ಕೆ ತಾಗುತ್ತಿದ್ದರೆ ಕೆಳಗೆ ಒಂದು ಲೋಟ ಇಟ್ಟು, ಸೊನ್ನೆ ಮಾಡಿ, ಅದರ ಮೇಲೆ ತೂಗಿ. ವಿಳಾಸದ ಕಾಗದ, ಟೇಪು ಎಲ್ಲ ಅಂಟಿಸಿದ ಮೇಲೆ ತೂಗಬೇಕು, ಮೊದಲಲ್ಲ. ಕೌಂಟರಿನ ಲೇಬಲಿನ ತೂಕಕ್ಕೂ ಜಾಗ ಬಿಟ್ಟು 47 ಗ್ರಾಂಗೆ ನಿಲ್ಲಿಸಿ. ತಕ್ಕಡಿ ಸರಿಯಿದೆಯೇ ಎಂದು ನೋಡಲು ಸವೆಯದ 10 ರೂಪಾಯಿ ನಾಣ್ಯ ಐದು ಇಡಿ. ಒಂದಕ್ಕೆ 7.7 ಗ್ರಾಂ, ಐದಕ್ಕೆ ಮೂವತ್ತೆಂಟೂವರೆ ಬರಬೇಕು.